ಬಾಲ ಎತ್ತಿ ಕಟ್ಟುವ ಬಗೆ

ಮೊನ್ನೆ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು, ಚೀಲಕ್ಕೆ ಕೈ ಹಾಕಿ ಅಡಿಕೆ ಚೂರು ಅಂದುಕೊಂಡು ಕಚ್ಚಿದರೆ ಅದು ಗುಂಡಿ. ನನಗೆ ಉಳಿದಿರುವುದೇ ಒಂಬತ್ತು ಹಲ್ಲು. ಅದರಲ್ಲಿ ಅಡಿಕೆ ಕಡಿಯುವ ಕೆಲಸಕ್ಕೆ ಬರುವುದು ಎರಡು. ಆ ಎರಡರಲ್ಲಿ ಒಂದು ಅಲ್ಲಾಡಿತು. ಉಗಿದು ನೋಡಿದೆ. ಬಿಳಿ ಸ್ಯಾಟಿನ್ ಬಟ್ಟೆ ಸುತ್ತಿದ ಗುಂಡಿ. ಎಲೆಯ ರಸಕ್ಕೆ ಸ್ವಲ್ಪ ಬಣ್ಣ ತಿರುಗಿತ್ತು. ಯಾವುದು ಅಂತ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಮೊಮ್ಮಗಳ ಮದುವೆ ಗೌನಿನ ಬಾಲದ ಗುಂಡಿ. ಒಂದು ಕಿತ್ತುಹೋದರೆ ಇರಲಿ ಅಂತ ಟೈಲರ್ ಕೊಟ್ಟದ್ದು.

ಬಾಲ ಅಂದದ್ದಕ್ಕೆ ನಗಬೇಡಿ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಮರ್ಯಾದೆಯ ಹೆಸರಿದೆ. ಹಿಂದೆ ಇರುವುದು, ಉದ್ದ ಇರುವುದು, ಎಳೆದುಕೊಂಡು ಬರುವುದು ಬಾಲವೇ. ದನಕ್ಕಾದರೆ ನೊಣ ಓಡಿಸಲು ಉಪಯೋಗಕ್ಕಾದರೂ ಬರುತ್ತದೆ.

ಮೊಮ್ಮಗಳು ಅಂದರೆ ಪ್ರಜ್ಞಾ, ನನ್ನ ಮಗನ ಮಗಳು. ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸ. ದಿನವೆಲ್ಲ ಸೂಜಿ ಚುಚ್ಚಿ ಚುಚ್ಚಿ, ಅವಳಿಗೆ ಯಾರು ಕಿರುಚಿದರೂ ಕಿವಿಗೆ ಬೀಳುವುದಿಲ್ಲ. ಮದುವೆ ಗೊತ್ತಾದ ವಾರಕ್ಕೆ ಶಿಡ್ಲಘಟ್ಟದ ನಮ್ಮ ಮನೆಗೆ ಬಂದು, ಫೋನು ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಅದರೊಳಗೆ ಒಬ್ಬಳು ಬಿಳಿ ಬಟ್ಟೆಯಲ್ಲಿ ನಿಂತಿದ್ದಳು. ಒಂದು ನೆರಿಗೆಯಿಲ್ಲ, ಒಂದು ಜರಿಯಿಲ್ಲ, ಅವಳನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಸೊಂಟದಿಂದ ಇಳಿದು ನೆಲ ಮುಟ್ಟಿ, ಅಲ್ಲಿಗೂ ಸುಮ್ಮನಾಗದೆ ಹಿಂದಕ್ಕೆ ನಾಲ್ಕು ಮೊಳ ಹರಡಿತ್ತು.

“ಹೆಂಗಿದೆ ಅಜ್ಜಿ?”

“ಅಳತೆ ತಪ್ಪಿದೆ.”

“ತಪ್ಪಿಲ್ಲ ಅಜ್ಜಿ. ಅದೇ ಸ್ಟೈಲು.”

“ಹಿಂದೆ ಮಿಕ್ಕಿರೋದನ್ನ ಏನ್ ಮಾಡ್ತಾರೆ?”

“ಎಳ್ಕೊಂಡು ನಡೀತಾರೆ.”

“ಯಾಕೆ, ನೆಲ ಒರ್ಸಕ್ಕಾ?”

ಅವಳು ಫೋನು ಕಿತ್ತುಕೊಂಡು ಹೋದಳು. ಹದಿನೈದು ದಿನಕ್ಕೆ ಸ್ಯಾಟಿನ್ ಬಟ್ಟೆಯೇ ಮನೆಗೆ ಬಂತು. ನಾನು ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವಳು. ಮುಟ್ಟಿ ನೋಡಿದೆ. ನಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಾಗಿ ಒಂದು ಹುಳವೂ ಸತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿ ಹುಳ ಸಾಯದ ಬಟ್ಟೆಯಲ್ಲಿ ಮದುವೆಯಾಗುತ್ತೇನೆ ಅನ್ನುವವಳಿಗೆ ಏನು ಹೇಳುವುದು. ಬುದ್ಧನಿಗಂತೂ ಸಂತೋಷ ಆಗಿರಬೇಕು.

ಬಿಳಿ ಬಣ್ಣಕ್ಕೆ ನಮ್ಮ ಮನೆಯಲ್ಲಿ ಗಲಾಟೆ ಇಲ್ಲ. ನನ್ನ ಮಗ ಬುದ್ಧನ ಪಟ ತಂದು ಗೋಡೆಗೆ ಹಾಕಿ, ಪಕ್ಕಕ್ಕೆ ನೀಲಿ ಕೋಟಿನ ಪಟ ಹಾಕಿ ಎಷ್ಟೋ ವರ್ಷವಾಯಿತು. ಈಗ ನಮ್ಮಲ್ಲಿ ಹುಡುಗಿ ಬಿಳಿ ಸೀರೆ ಉಟ್ಟೇ ಮದುವೆಯಾಗುವುದು. ರಾಹುಕಾಲ ನೋಡುವುದಿಲ್ಲ, ಹೊಗೆ ಹಾಕುವುದಿಲ್ಲ, ಅಕ್ಷತೆ ಎರಚುವುದಿಲ್ಲ. ಬೌದ್ಧ ಭಿಕ್ಷು, ಭಂತೇಜಿ, ಬರುತ್ತಾರೆ. ಹುಡುಗ ಹುಡುಗಿ ಬುದ್ಧನ ಮುಂದೆ ಮಂಡಿಯೂರಿ ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸುತ್ತಾರೆ, ಭಂತೇಜಿ ಹೇಳಿಕೊಟ್ಟದ್ದನ್ನು ಹೇಳುತ್ತಾರೆ, ಜನ ಹೂವು ಹಾಕುತ್ತಾರೆ. ಒಳ್ಳೆಯ ಪದ್ಧತಿ. ಊಟ ಬೇಗ ಸಿಗುತ್ತದೆ.

ಗಲಾಟೆ ಶುರುವಾದದ್ದು ಆ ಬಾಲದಿಂದ. ಶುರು ಮಾಡಿದವರು ಗೌರಿಬಿದನೂರಿನ ಟೀಚರಮ್ಮ.

ಟೀಚರಮ್ಮ ಅಂದರೆ ಹುಡುಗನ ದೊಡ್ಡಮ್ಮ. ಹೆಡ್ ಮೇಡಮ್ ಆಗಿ ನಿವೃತ್ತಿ ಆದವರು. ಆ ಹುಡುಗನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದವರು ಅವರೇ, ಅದಕ್ಕೆ ಆ ಮನೆಯಲ್ಲಿ ಅವರು ಹೇಳಿದ್ದೇ ಮಾತು. ಎಲ್ಲರೂ ಎಡಗೈಗೆ ಗಡಿಯಾರ ಕಟ್ಟಿದರೆ ಅವರು ಬಲಗೈಗೆ ಕಟ್ಟುತ್ತಾರೆ. ಕೇಳಿದರೆ, “ಎಡಗೈಗೇ ಕಟ್ಬೇಕು ಅಂತ ಎಲ್ಲಿ ಬರ್ದಿದೆ?” ಅನ್ನುತ್ತಾರೆ. ಮೂಢನಂಬಿಕೆ ಅಂದರೆ ಅವರಿಗೆ ಆಗದು. ನಮ್ಮ ಮನೆಗೆ ಬಂದ ದಿನ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು ನೋಡಿ, ಕಿತ್ತು, ನನ್ನ ಸೊಸೆ ನಾಗಮಣಿಯ ಕೈಗೆ ಕೊಟ್ಟು ಪಾನಕ ಮಾಡಿಸಿ ಕುಡಿದರು. ದೃಷ್ಟಿಗೆ ಕಟ್ಟಿದ ಹಣ್ಣು, ಎಷ್ಟು ದಿನದ್ದೋ. ಅವರಿಗೆ ಏನೂ ಆಗಲಿಲ್ಲ.

ಗೌನಿನ ಫೋಟೋ ನೋಡಿದರು. ಕನ್ನಡಕ ಹಾಕಿ ಇನ್ನೊಂದು ಸಲ ನೋಡಿದರು.

“ಬಟ್ಟೆಗೆ ನನ್ನ ತಕರಾರಿಲ್ಲಮ್ಮ. ನಿನ್ ಮದ್ವೆ, ನಿನ್ ಬಟ್ಟೆ. ಆದ್ರೆ ಬುದ್ಧನ ಮುಂದೆ ಮೂರು ಸಲ ಬಗ್ಗಿ ಏಳ್ಬೇಕು. ಇದ್ರಲ್ಲಿ ಆಗುತ್ತಾ?”

“ಆಗುತ್ತೆ ಆಂಟಿ,” ಅಂದಳು ಪ್ರಜ್ಞಾ.

“ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಒಂದು ಬಿಳಿ ಸೀರೆ ನನ್ ಬ್ಯಾಗಲ್ಲಿ ಇರುತ್ತೆ. ಅಲ್ಲೇ ಒಳಗೋಗಿ ಉಟ್ಕೊಂಡ್ ಬಂದು ಬಗ್ಗೋದು. ಒಪ್ಪಿಗೇನಾ?”

“ಒಪ್ಪಿಗೆ.”

ನಾಗಮಣಿ ಮೆಲ್ಲಗೆ, “ಮಡಿಲಕ್ಕಿ ಒಂದು ಹಾಕ್ಬಿಡಣ ಅಕ್ಕ, ಹೆಣ್ಣುಮಗು...” ಅಂದಳು.

ಟೀಚರಮ್ಮ ಅವಳ ಕಡೆ ತಿರುಗಿದರು. “ಹೆಣ್ಣುಮಗು ಏನು ದವಸದ ಚೀಲಾನಾ ನಾಗಮಣಿ, ತುಂಬಿ ಕಳ್ಸಕ್ಕೆ? ಒಂದ್ ಕಾಳು ಅಕ್ಕಿ ಬರಬಾರ್ದು ಮದ್ವೆಗೆ. ಊಟಕ್ಕೆ ಬಿಟ್ಟು.”

ನಾಗಮಣಿ ಒಳಗೆ ಹೋಗಿ ಅತ್ತಳು. ಅವಳಿಗೆ ಅಳು ಸುಲಭ. ಈರುಳ್ಳಿ ಹೆಚ್ಚದೆಯೂ ಬರುತ್ತದೆ.

ಅವರು ಆ ಕಡೆ ಹೋದ ಮೇಲೆ ಪ್ರಜ್ಞಾ ಬಾಗಿಲು ಹಾಕಿ, ಸೊಂಟಕ್ಕೆ ಒಂದು ಬೆಡ್‌ಶೀಟು ಸಿಕ್ಕಿಸಿಕೊಂಡು, ಗೋಡೆಯ ಬುದ್ಧನಿಗೆ ಬಗ್ಗಿ ನೋಡಿದಳು. ಮೊದಲನೆಯದು ಆಯಿತು. ಎರಡನೆಯದಕ್ಕೆ ತನ್ನ ಬಾಲದ ಮೇಲೇ ಮಂಡಿಯೂರಿ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಮುಂದಕ್ಕೂ ಬರಲಾರದೆ ಹಿಂದಕ್ಕೂ ಹೋಗಲಾರದೆ ಅಲ್ಲೇ ಉಳಿದಳು.

“ಸೀರೆ ಉಡು,” ಅಂದೆ.

“ಅಜ್ಜಿ, ನನ್ ಜೀವನದಲ್ಲಿ ನಾನು ಕೇಳಿರೋದು ಇದೊಂದು ಬಟ್ಟೆ,” ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ. ನೆಲದ ಮೇಲೆ ಹಾಗೇ ಮಂಡಿಯೂರಿಕೊಂಡೇ ಹೇಳಿದಳು, “ಇದನ್ನ ಎತ್ತಿ ಕಟ್ಟೋ ಸ್ಟೈಲುಗಳಿವೆ. ಬಸಲ್ ಅಂತಾರೆ. ಯಾವ್ದು ಅಂತ ಆರಿಸ್ಕೊಂಡು ಹೊಲಿಸ್ಬೇಕು. ಕಟ್ಟೋಳು ನೀನು.”

“ನಾನ್ಯಾಕೆ?”

“ಅಮ್ಮ ಅಳ್ತಾಳೆ. ಫ್ರೆಂಡ್ಸು ಸೆಲ್ಫಿ ತಗೋತಾರೆ. ನೀನು ಎರಡೂ ಮಾಡಲ್ಲ.”

ಅದು ನಿಜ. ಎತ್ತಿ ಕಟ್ಟುವುದು ನನಗೆ ಹೊಸದೂ ಅಲ್ಲ. ಜಂಗಮಕೋಟೆಯಲ್ಲಿ ನಾನು ಚಿಕ್ಕವಳಾಗಿದ್ದಾಗ ನಮ್ಮದೊಂದು ಹಸು ಇತ್ತು. ಹಾಲು ಕರೆಯುವಾಗ ಕರೆಯುವವರ ಮುಖಕ್ಕೇ ಬಾಲದಿಂದ ಬಾರಿಸುತ್ತಿತ್ತು. ಅದರ ಬಾಲವನ್ನು ಅದರ ಕಾಲಿಗೇ ಕಟ್ಟುವುದು ನನ್ನ ಕೆಲಸ. ಒಂದು ದಿನ ಕಟ್ಟಿ ಬಿಚ್ಚುವುದು ಮರೆತೆ. ಹಸು ಇಡೀ ಕೇರಿ ಕುಂಟಿಕೊಂಡು ತಿರುಗಿತು. ಕಾಲು ಮುರಿದಿದೆ ಅಂತ ನಮ್ಮಪ್ಪ ಅರಿಶಿನ ಅರೆಸಿ, ಪಟ್ಟು ಹಾಕಲು ಕೂತಾಗ ಗಂಟು ಕಂಡಿತು. ಆ ಅರಿಶಿನ ನನ್ನ ಬೆನ್ನಿಗೆ ಉಪಯೋಗವಾಯಿತು.

ನನ್ನ ಮದುವೆಯ ಸೀರೆಯೂ ಅಷ್ಟೇ, ಎತ್ತಿ ಕಟ್ಟಿದ್ದು. ಅದು ಪಕ್ಕದ ಮನೆಯವಳಿಂದ ಎರವಲು ತಂದದ್ದು. ಅವಳು ಬಿದಿರಿನ ಹಾಗೆ ಉದ್ದ, ನಾನು ಬೀಸುವ ಕಲ್ಲಿನ ಹಾಗೆ. ಸೊಂಟದಲ್ಲಿ ಅಷ್ಟು ಸಿಕ್ಕಿಸಿ ಸಿಕ್ಕಿಸಿ, ಮದುವೆಗೆ ಮೊದಲೇ ಮೂರು ತಿಂಗಳಾದ ಹಾಗೆ ಕಂಡೆನಂತೆ. ಆ ಹೆಂಗಸು ಎರವಲು ಸೀರೆಯಾದರೂ ಬರೀ ಸೀರೆ ಕೊಡಬಾರದು ಅಂತ ಮೇಲೆ ಒಂದು ಹಿಡಿ ಅಕ್ಕಿ ಇಟ್ಟು ಕೊಟ್ಟಿದ್ದಳು. ನಮ್ಮ ಕಡೆ ಹಾಗೆ. ಹೆಣ್ಣಿಗೆ ಸೀರೆ ಕೊಟ್ಟರೆ ಜೊತೆಗೆ ಅಕ್ಕಿ. ಮಾರನೇ ದಿನ ಸೀರೆ ವಾಪಸು ಕೇಳಿದಳು. ಅಕ್ಕಿ ಕೇಳಲಿಲ್ಲ. ಒಳ್ಳೆಯವಳು.

ಇರಲಿ, ಬಾಲಕ್ಕೆ ಬರುತ್ತೇನೆ.

ಶಿಡ್ಲಘಟ್ಟದ ಟೈಲರುಗಳು ಫೋಟೋ ನೋಡಿ ಕೈ ಮುಗಿದರು. ಚಿಂತಾಮಣಿಯಲ್ಲಿ ನಯಾಜ್ ಮಾಸ್ಟ್ರು ಅಂತ ಒಬ್ಬರಿದ್ದಾರೆ, ಏನು ಕೇಳಿದರೂ ಆಗಲ್ಲ ಅನ್ನುವುದಿಲ್ಲ ಅಂತ ಯಾರೋ ಹೇಳಿದರು. ಹೋದೆವು. ಬಟ್ಟೆ ಕೊಟ್ಟು ಬಂದು, ಮಾಸ್ಟ್ರು ಕರೆದ ಮೇಲೆ ಮತ್ತೆ ಹೋದೆವು. ಅಂಗಡಿ ತುಂಬ ಸ್ಕೂಲು ಯೂನಿಫಾರಂ ನೇತುಹಾಕಿತ್ತು. ಅವುಗಳ ನಡುವೆ ಪ್ರಜ್ಞಾಳ ಗೌನು, ದಾರಿ ತಪ್ಪಿ ಬಂದ ಕೊಕ್ಕರೆಯ ಹಾಗೆ, ಬಾಲದವರೆಗೆ ಹೊಲಿದು ನಿಂತಿತ್ತು. ಮಂಡಿ ಮಡಚಲು ಆಗಲಿ ಅಂತ ಒಳಗೆ ಮಡಿಕೆ ಬಿಟ್ಟು ಸಡಿಲ ಮಾಡಿದ್ದರು. ಜಾಣ ಮನುಷ್ಯ.

“ಬಾಲ ಎತ್ತೋದಕ್ಕೆ ಮೂರು ಸ್ಟೈಲ್ ಇದೆ ಮೇಡಂ,” ಅಂದರು. “ನಾನು ರಾತ್ರಿಯೆಲ್ಲ ಕೂತು ವಿಡಿಯೋ ನೋಡಿದೀನಿ. ಆದ್ರೆ ಸ್ಯಾಟಿನ್ ಮೇಲೆ ಟ್ರಯಲ್ ಬೇಡ. ಒಂದು ಪಿನ್ನು ಚುಚ್ಚಿದ್ರೂ ತೂತು ಕಾಣುತ್ತೆ, ಮುಚ್ಚಲ್ಲ. ಲೈನಿಂಗ್ ಬಟ್ಟೇಲಿ ಒಂದು ಡೂಪ್ಲಿಕೇಟ್ ಬಾಲ ಮಾಡಿದೀನಿ. ಯಾರಿಗ್ ಕಟ್ಟಣ?”

ಪ್ರಜ್ಞಾ ನನ್ನ ಕಡೆ ನೋಡಿದಳು. “ನಂಗೆ ಹಿಂದಗಡೆಯಿಂದ ನೋಡ್ಬೇಕಲ್ಲ ಅಜ್ಜಿ.”

ಹೀಗೆ ಎಪ್ಪತ್ತು ದಾಟಿದ ಮೇಲೆ ನನಗೆ ಬಾಲ ಬಂತು. ಹಸಿರು ಬಣ್ಣದ್ದು. ಅಂಗಡಿಯಲ್ಲಿ ಮಿಕ್ಕಿದ್ದ ಲೈನಿಂಗ್ ಬಟ್ಟೆ ಅದೊಂದೇ. ಸೀರೆಯ ಮೇಲೆ ಸೊಂಟಕ್ಕೆ ಬಿಗಿದು, “ನಡೀರಿ ಅಜ್ಜಿ, ಹೆಂಗೆ ಬೀಳುತ್ತೆ ನೋಡಣ,” ಅಂದರು. ಅಂಗಡಿಯೊಳಗೆ ನಡೆಯಲು ಜಾಗವಿಲ್ಲ, ಹೊರಗೆ ಬಂದೆ. ಬಸ್ಸಿಗೆ ಕಾಯುವ ಜನ ತಿರುಗಿ ನೋಡಿದರು. ನಾನು ನೋಡಲಿಲ್ಲ. ಹತ್ತು ಹೆಜ್ಜೆ ಹೋದೆ, ತಿರುಗಿ ಬರಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಎಳೆದ ಹಾಗಾಯಿತು.

ಮುರುಗಮಲ್ಲದ ಬಸ್ಸಿಗೆ ನಿಂತಿದ್ದ ಒಬ್ಬ ಹೆಂಗಸು. ನನ್ನ ಬಾಲದ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

“ಏಂ ಮೊಕ್ಕಮ್ಮಾ?” ಅಂದಳು ತೆಲುಗಿನಲ್ಲಿ. ಏನು ಹರಕೆ ಅಂತ. ಅವಳು ದರ್ಗಾಕ್ಕೆ ಹೊರಟವಳು. ಹಸಿರು ಬಟ್ಟೆ ನೋಡಿದಳು, ನಾನು ಅಲ್ಲಿಗೆ ಹೊದಿಸಲು ಚಾದರ ಒಯ್ಯುತ್ತಿದ್ದೇನೆ, ಸೊಂಟಕ್ಕೆ ಕಟ್ಟಿ ಎಳೆದುಕೊಂಡು ಹೋಗುವ ಯಾವುದೋ ಕಷ್ಟದ ಹರಕೆ ಹೊತ್ತಿದ್ದೇನೆ ಅಂದುಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಇನ್ನಿಬ್ಬರು ಬಂದು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬಳು ಮಗುವಿನ ತಲೆಗೆ ಬಾಲ ಸವರಿದಳು. ಇಷ್ಟು ಆದ ಮೇಲೆ ಇದು ಗೌನಿನ ಸ್ಯಾಂಪಲ್ಲು ಅಂದರೆ ಒದೆ ಬೀಳುತ್ತದೆ.

“ಮೊಮ್ಮಗಳ ಮದ್ವೆಗೆ,” ಅಂದೆ. ಸುಳ್ಳೇನೂ ಅಲ್ಲ.

“ಒಳ್ಳೇದಾಗ್ಲಿ ತಾಯಿ,” ಅಂದರು ಎಲ್ಲರೂ.

ಬಾಲ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಓಡಿದೆ. ಪ್ರಜ್ಞಾ ಯೂನಿಫಾರಮ್ಮುಗಳ ಹಿಂದೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಮ್ಮ ಕಡೆಯ ಹೆಂಗಸರು ಬಟ್ಟೆ ಕಂಡರೆ ಸುಮ್ಮನಿರುವವರಲ್ಲ ಅಂತ ನನಗೆ ಆವತ್ತೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಮೊದಲನೇ ಸ್ಟೈಲು, ಬಾಲವನ್ನು ಮೇಲಕ್ಕೆ ಮಡಚಿ ಸೊಂಟದ ಹಿಂದೆ ಸಾಲಾಗಿ ಗುಂಡಿ ಹಾಕುವುದು. ನಿಂತರೆ ಚೆನ್ನಾಗಿತ್ತು. ನಯಾಜ್ ಮಾಸ್ಟ್ರು, “ಬಗ್ಗಿ ಅಜ್ಜಿ,” ಅಂದರು. ಇಸ್ತ್ರಿ ಮೇಜಿನ ಕಡೆಗೆ ತಿರುಗಿ ಮಂಡಿಯೂರಿ ಬಗ್ಗಿದೆ. ಐದು ಗುಂಡಿಯೂ ಪಟಪಟನೆ ಹಾರಿದವು. ಒಂದು ಹೋಗಿ ಹೊಲಿಗೆ ಮಿಷನ್ನಿನ ಹೊಟ್ಟೆಯೊಳಗೆ ಬಿತ್ತು.

ಎರಡನೆಯದು ಕೈಗೆ ಹಾಕಿಕೊಳ್ಳುವುದು. ಬಾಲದ ತುದಿಗೆ ಒಂದು ಬಳೆಯಂಥ ದಾರ, ಅದನ್ನು ಮಣಿಕಟ್ಟಿಗೆ ತೂರಿಸಿಕೊಂಡು ಓಡಾಡುವುದು. ಇದು ನನಗೆ ಹಿಡಿಸಿತು. ಆದರೆ ಕೈ ಮುಗಿಯಲು ಹೋದೆ, ಕೈಯ ಜೊತೆಗೆ ಬಾಲವೂ ಮೇಲೆದ್ದು ನನ್ನ ಮುಖವೆಲ್ಲ ಮುಚ್ಚಿತು. ಬುದ್ಧ ಆ ಕಡೆ, ನಾನು ಈ ಕಡೆ, ನಡುವೆ ಪರದೆ.

“ಇದು ಬೇಡ,” ಅಂದಳು ಪ್ರಜ್ಞಾ.

ಮೂರನೆಯದು ಒಳಗಿನಿಂದ ಕಟ್ಟುವುದು. ಬಾಲದ ಒಳಮೈಗೆ ಐದು ಜೊತೆ ರಿಬ್ಬನ್ನು. ಕಟ್ಟುವವಳು ಗೌನಿನ ಒಳಗೆ ತಲೆ ತೂರಿಸಿ, ಯಾವುದಕ್ಕೆ ಯಾವುದು ಅಂತ ಹುಡುಕಿ ಗಂಟು ಹಾಕಬೇಕು. ಇದೇ ಸುರಕ್ಷಿತ ಅಂದರು ಮಾಸ್ಟ್ರು. ಈಗ ಬಾಲ ಪ್ರಜ್ಞಾಳ ಸೊಂಟಕ್ಕೆ, ನಾನು ಒಳಗೆ. ಕತ್ತಲು. ಕೈಯಲ್ಲಿ ಮುಟ್ಟಿಯೇ ಹುಡುಕಬೇಕು. ನನ್ನ ಬೆರಳಿನ ಸಂಗತಿ ಏನೆಂದರೆ, ನೂಲು ಬಿಚ್ಚುವಾಗ ಕುದಿಯುವ ನೀರಿನ ಬಾನಿಗೆ ಕೈ ಹಾಕಿ, ತೇಲುವ ಗೂಡಿನಲ್ಲಿ ಎಳೆಯ ತುದಿ ಹುಡುಕಿ ಹುಡುಕಿ ಬೆರಳ ತುದಿ ಸತ್ತುಹೋಗಿದೆ. ಒಲೆಯಿಂದ ಕೆಂಡ ಬರಿಗೈಯಲ್ಲಿ ತೆಗೆಯುತ್ತೇನೆ. ಆದರೆ ರಿಬ್ಬನ್ನು ಯಾವುದು, ಬಟ್ಟೆ ಯಾವುದು ತಿಳಿಯುವುದಿಲ್ಲ. ಸುಮಾರು ಹೊತ್ತು ಆದ ಮೇಲೆ ಹೊರಗೆ ಬಂದೆ. ಪ್ರಜ್ಞಾ ಒಂದು ಹೆಜ್ಜೆ ಇಟ್ಟಳು. ರಿಬ್ಬನ್ನಿನ ಜೊತೆಗೆ ಅವಳ ಚೂಡಿದಾರದ ಲಾಡಿಯನ್ನೂ ಸೇರಿಸಿ ಕಟ್ಟಿದ್ದೆ.

ನಯಾಜ್ ಮಾಸ್ಟ್ರು ಟೀ ತರಿಸಿದರು. ಪ್ರಜ್ಞಾ ಟೀ ಮುಟ್ಟಲಿಲ್ಲ. “ಆ ಸೀರೇನೇ ಗತಿ,” ಅಂದಳು. ಗೌನಿನ ಕಡೆ ನೋಡಲೂ ಇಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ. ಎದ್ದು, ಅವಳನ್ನು ನಿಲ್ಲಿಸಿ, ಹಸಿರು ಬಾಲದ ಎರಡು ಮೂಲೆ ಹಿಡಿದೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುವಾಗ ನಾವು ಸೆರಗಿನಲ್ಲಿ ಒಡಿ ಕಟ್ಟಿಕೊಳ್ಳುತ್ತೇವೆ. ಎರಡು ಮೂಲೆ ಸೊಂಟಕ್ಕೆ, ನಡುವಿನ ಬಟ್ಟೆ ಚೀಲದ ಹಾಗೆ ಜೋಲು. ಬಗ್ಗಿದರೂ ಬಿಚ್ಚುವುದಿಲ್ಲ, ಎದ್ದರೂ ಬಿಚ್ಚುವುದಿಲ್ಲ. ಅದನ್ನೇ ಹಿಂದಕ್ಕೆ ಕಟ್ಟಿದೆ. ಬಲಮೂಲೆ ಬಲಸೊಂಟಕ್ಕೆ, ಎಡಮೂಲೆ ಎಡಸೊಂಟಕ್ಕೆ.

“ಬಗ್ಗು.”

ಬಗ್ಗಿದಳು. ಎದ್ದಳು. ಬಗ್ಗಿದಳು. ಎದ್ದಳು. ಮೂರನೇ ಸಲ ಬಗ್ಗಿ, ಅಲ್ಲೇ ಇದ್ದುಕೊಂಡು, “ಅಜ್ಜಿ, ಬಾಲ ಎಲ್ಲಿ?” ಅಂದಳು.

“ಸೊಂಟದ ಮೇಲೆ. ಅಲ್ಲೇ ಇದೆ.”

ನಯಾಜ್ ಮಾಸ್ಟ್ರು ಸುತ್ತ ಬಂದು ನೋಡಿದರು. “ವಿಡಿಯೋದಲ್ಲಿ ಇಲ್ಲ ಇದು. ಏನಂತಾರೆ ಅಜ್ಜಿ ಇದಕ್ಕೆ?”

“ಒಡಿ ಅಂತಾರೆ.”

“ಬರೇ ಎರಡು ಗುಂಡಿ ಸಾಕು,” ಅಂದರು. ನಾಲ್ಕೆಳೆ ದಾರದಲ್ಲಿ ಹೊಲಿದರು. ನನ್ನ ಬೆರಳಿಗೂ ಸಿಗುವಷ್ಟು ದೊಡ್ಡ ಗುಂಡಿ. ಮಿಕ್ಕ ಒಂದನ್ನು ನನ್ನ ಕೈಗಿಟ್ಟರು. ನಾನು ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡೆ.

ಸ್ಯಾಟಿನ್ನಿನಲ್ಲಿ ಒಡಿ ಇನ್ನೂ ಚೆನ್ನಾಗಿ ಬಂತು. ಬಿಳಿ ಬಟ್ಟೆ ಮೆತ್ತಗೆ, ನಯವಾಗಿ, ಸೊಂಟದ ಹಿಂದೆ ಬಾಣಲೆಯ ಹಾಗೆ ಕೂತಿತು. ನಾವು ಮೂವರೂ ಅದನ್ನು ಎಲ್ಲ ಕಡೆಯಿಂದ ನೋಡಿದೆವು. ಅದರ ಬಾಯಿ ಮೇಲಕ್ಕೆ ತೆರೆದುಕೊಂಡಿದೆ ಅನ್ನುವುದನ್ನೂ ನೋಡಿದೆವು. ಆದರೆ ಅದರ ಬಗ್ಗೆ ಯೋಚನೆ ಮಾಡಲಿಲ್ಲ.

ಮದುವೆ ಗೌರಿಬಿದನೂರಿನ ಸಮುದಾಯ ಭವನದಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಪ್ರಜ್ಞಾ ಬಾಲ ಬಿಟ್ಟುಕೊಂಡು ಬಾಗಿಲಿನಿಂದ ವೇದಿಕೆಯವರೆಗೆ ನಡೆದಳು. ಫೋನು ಹಿಡಿದವರೆಲ್ಲ ಎದ್ದು ನಿಂತರು. ಚೆನ್ನಾಗಿ ಕಂಡಳು. ಅವಳ ಹಿಂದೆ ನೆಲವೂ ಒಂದು ಪಟ್ಟಿ ಚೊಕ್ಕಟವಾಯಿತು, ನಾನು ಹೇಳಿರಲಿಲ್ಲವೆ.

ವೇದಿಕೆಯ ಮೇಲೆ ಬುದ್ಧನ ಮುಂದೆ, ಜನಕ್ಕೆ ಬೆನ್ನು ಮಾಡಿ, ಹುಡುಗನ ಪಕ್ಕ ನಿಂತಳು. ನಾನು ಹೋಗಿ ಒಡಿ ಕಟ್ಟಿದೆ. ಬಲಗಡೆ ಗುಂಡಿ ಒಂದೇ ಸಲಕ್ಕೆ, ಎಡಗಡೆಯದು ನಾಲ್ಕನೇ ಸಲಕ್ಕೆ ಬಿತ್ತು. ಟೀಚರಮ್ಮ ವೇದಿಕೆಯ ಮೇಲೆಯೇ, ಹೆಂಗಸರ ಸಾಲಿನ ಮುಂದೆ ಕೂತು ನೋಡುತ್ತಿದ್ದರು. ತೊಡೆಯ ಮೇಲೆ ಬ್ಯಾಗು. ಬ್ಯಾಗಿನಿಂದ ಬಿಳಿ ಸೀರೆಯ ಅಂಚು ಇಣುಕುತ್ತಿತ್ತು.

ಭಂತೇಜಿ ಬರುವುದು ಸ್ವಲ್ಪ ತಡವಾಯಿತು. ಹುಡುಗ ಹುಡುಗಿ ಕೈ ಮುಗಿದು, ಕಣ್ಣು ಮುಚ್ಚಿ ನಿಂತೇ ಇದ್ದರು. ನಾನು ಪಕ್ಕದಲ್ಲಿ ಬಾಲದ ಉಸ್ತುವಾರಿಗೆ ನಿಂತಿದ್ದೆ. ಹೊರಗೆ ಡೋಲಿನ ಸದ್ದಾಯಿತು, ಕೆಳಗೆ ಕೂತಿದ್ದ ಜನ ಬಾಗಿಲ ಕಡೆ ತಿರುಗಿದರು. ನಾನು ತಿರುಗಲಿಲ್ಲ. ನನಗೆ ಡೋಲು ಬೇಡ, ಗುಂಡಿ ಬೇಕು.

ಆಗ ಒಂದು ಕೈ ಬಂತು. ಸದ್ದಿಲ್ಲದೆ ಬಂದು, ಒಡಿಯ ಬಾಯಿಗೆ ಒಂದು ಪೊಟ್ಟಣ ಬಿಚ್ಚಿ ಸುರಿಯಿತು. ಅರಿಶಿನ ಬೆರೆಸಿದ ಅಕ್ಕಿ, ಎರಡು ಪಾವಾದರೂ ಇತ್ತು. ಮೇಲೆ ಒಂದು ಕೊಬ್ಬರಿ ಗಿಟುಕು ಇಟ್ಟು ಹಿಂದಕ್ಕೆ ಸರಿಯಿತು.

ಬಲಗೈ. ಗಡಿಯಾರ.

ನಾನು ನೋಡಿದೆ ಅನ್ನುವುದು ಟೀಚರಮ್ಮನಿಗೆ ಗೊತ್ತಾಗಲಿಲ್ಲ. ಆದರೆ ಅವರ ಹಿಂದಿನ ಸಾಲಿನ ಹೆಂಗಸರು ಎಲ್ಲವನ್ನೂ ನೋಡಿದರು. ಲಗ್ನಪತ್ರಿಕೆಯಲ್ಲಿ ಏನೇ ಅಚ್ಚು ಹಾಕಿಸಿ, ನಮ್ಮ ಕಡೆಯ ಹೆಂಗಸು ಚೀಲದಲ್ಲಿ ಮಡಿಲಕ್ಕಿ ಇಲ್ಲದೆ ಮದುವೆಗೆ ಬರುವುದಿಲ್ಲ. ಇಷ್ಟು ಹೊತ್ತು ಯಾರಿಗೂ ಧೈರ್ಯ ಇರಲಿಲ್ಲ. ಈಗ ಮದುಮಗಳ ಮೈಮೇಲೆ ಬಾಯಿ ತೆರೆದ ಮಡಿಲು ಕಂಡಿದೆ, ಗಂಡಿನ ದೊಡ್ಡಮ್ಮನೇ ಮೊದಲು ತುಂಬಿದ್ದಾರೆ. ಮಡಿಲು ಹಿಂದಿದ್ದರೇನು ಮುಂದಿದ್ದರೇನು. ಒಬ್ಬಳು ಬಂದಳು, ಅಕ್ಕಿ, ಉತ್ತುತ್ತೆ. ಇನ್ನೊಬ್ಬಳು ಬಂದಳು, ಬಾಳೆಹಣ್ಣು, ರವಿಕೆ ಕಣ. ತೊಂಡೇಬಾವಿಯಿಂದ ಬಂದ ಒಬ್ಬ ಅಜ್ಜಿ ಇಡೀ ತೆಂಗಿನಕಾಯಿ ಇಡಲು ಬಂದಳು. ಅವಳ ಕೈ ಹಿಡಿದೆ.

“ಬೇಡ ಕಣಮ್ಮೋ, ಹರ್ದೋಗುತ್ತೆ.”

“ಕಾಯಿ ಇಲ್ದಿರ ಏನ್ ಮಡಿಲಮ್ಮ?”

“ನನ್ ಕೈಗ್ ಕೊಡು.”

ಕೊಟ್ಟಳು. ಒಂದು ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತೆ. ಒಡಿ ಜೋಲು ಬಿದ್ದು ಎರಡು ಗುಂಡಿಯ ಮೇಲೆ ನೇತಾಡುತ್ತಿತ್ತು. ನಾಲ್ಕೆಳೆ ದಾರ ಸ್ಯಾಟಿನ್ನಿಗೆ ಅಂತ ಹಾಕಿದ್ದು, ರೇಷನ್ನಿಗೆ ಅಂತ ಅಲ್ಲ. ಬಿಚ್ಚಿದರೆ ಅಕ್ಕಿ ಚೆಲ್ಲಿ ಬಾಲ ಬೀಳುತ್ತದೆ, ಸೀರೆ ಹೊರಗೆ ಬರುತ್ತದೆ. ಬಿಚ್ಚದಿದ್ದರೆ ಗುಂಡಿ ಕಿತ್ತು ಬಾಲ ಬೀಳುತ್ತದೆ, ಆಗಲೂ ಸೀರೆಯೇ. ನನ್ನ ಬಳೆಯಲ್ಲಿ ಏಳು ಪಿನ್ನು ಇದ್ದವು. ತೂತು ಬಿದ್ದರೆ ಮುಚ್ಚಲ್ಲ ಅಂತ ಮಾಸ್ಟ್ರು ಹೇಳಿದ್ದು ನೆನಪಾಗಿ ಮುಟ್ಟಲಿಲ್ಲ.

ಪ್ರಜ್ಞಾ ಕಣ್ಣು ಮುಚ್ಚಿಕೊಂಡೇ, “ಅಜ್ಜಿ, ಭಾರ ಯಾಕಾಗ್ತಿದೆ?” ಅಂದಳು.

“ಮದ್ವೆ ಅಂದ್ರೆ ಹಂಗೇ,” ಅಂದೆ.

ಭಂತೇಜಿ ಬಂದು ಕೂತರು. ಹುಡುಗ ಹುಡುಗಿ ಮಂಡಿಯೂರಿದರು. ಗುಂಡಿ ತಡೆಯಿತು. ಪ್ರಜ್ಞಾ ಕೈ ಮುಂದಿಟ್ಟು, ಹಣೆ ನೆಲಕ್ಕೆ ಮುಟ್ಟಿಸಿದಳು. ಸೊಂಟ ಮೇಲೆ, ತಲೆ ಕೆಳಗೆ. ಬೆನ್ನೆಲ್ಲ ಸ್ಯಾಟಿನ್ನು, ಜಾರುಬಂಡೆ. ಒಡಿಯ ಬಾಯಿಂದ ಅಕ್ಕಿ ಹೊರಟು, ಬೆನ್ನಿನ ಮೇಲೆ ಜಾರಿ, ಕುತ್ತಿಗೆ ಹಾದು, ತಲೆಯ ಮೇಲಿಂದ ಬುದ್ಧನ ಮುಂದೆ ಜಲಜಲ ಸುರಿಯಿತು. ಅರ್ಧ ಹುಡುಗನ ತಲೆಗೂ ಬಿತ್ತು.

“ಅಜ್ಜಿ, ಏನಿದು?” ಅಂದಳು ನೆಲದಿಂದಲೇ.

“ಅಕ್ಕಿ. ಏಳು.”

ಎದ್ದಳು. ಎರಡನೇ ಸಲ ಬಗ್ಗಿದಳು. ಕೊಬ್ಬರಿ ಗಿಟುಕು ಉರುಳಿ ಬಂದು ಬುದ್ಧನ ಪಾದದ ಹತ್ತಿರ ಬೋರಲು ಬಿತ್ತು. ಹಿಂದೆಯೇ ಉತ್ತುತ್ತೆ. ಒಂದು ಉತ್ತುತ್ತೆ ಭಂತೇಜಿಯ ತೊಡೆಯ ಮೇಲೆ ಹೋಗಿ ಕೂತಿತು. ಅವರು ಅದನ್ನು ನೋಡಿದರು, ಎತ್ತಿ ಪಕ್ಕಕ್ಕಿಟ್ಟರು, ಮಂತ್ರ ನಿಲ್ಲಿಸಲಿಲ್ಲ. ದೊಡ್ಡ ಮನುಷ್ಯರು.

ಮೂರನೇ ಸಲಕ್ಕೆ ಬಾಳೆಹಣ್ಣು, ರವಿಕೆ ಕಣ, ಮಿಕ್ಕ ಅಕ್ಕಿ. ರವಿಕೆ ಕಣ ಬಂದು ಅವಳ ತಲೆಯ ಮೇಲೆ ಸೆರಗಿನ ಹಾಗೆ ಕೂತಿತು. ಎದ್ದಳು. ಒಡಿ ಖಾಲಿ, ಸೊಂಟದ ಮೇಲೆ ಹಗುರ. ಗುಂಡಿ ಎರಡೂ ಇದ್ದವು. ಹೂವಿನ ತಟ್ಟೆ ಹಿಡಿದಿದ್ದ ಮಕ್ಕಳು, ಎಲ್ಲರೂ ಎರಚುವ ಹೊತ್ತು ಇದೇ ಇರಬೇಕು ಅಂದುಕೊಂಡು ಇದ್ದ ಹೂವೆಲ್ಲ ಒಮ್ಮೆಗೇ ಎರಚಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ನಾಗಮಣಿ ಅತ್ತಳು. ಈ ಸಲ ಸಂತೋಷಕ್ಕೆ ಅಂತ ಹೇಳಿದಳು, ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಊಟಕ್ಕೆ ಕೂತಾಗ ಟೀಚರಮ್ಮ ಬಂದು ನನ್ನ ಪಕ್ಕದ ಎಲೆಗೇ ಕೂತರು. ಸುತ್ತ ನಾಲ್ಕು ಜನಕ್ಕೆ ಕೇಳಲಿ ಅನ್ನುವಷ್ಟು ಗಟ್ಟಿಯಾಗಿ, “ಯಾರು ಮುನಿಯಮ್ಮನೋರೆ ಆ ಅಕ್ಕಿ ಹಾಕಿದ್ದು? ಅಷ್ಟು ಹೇಳಿದ್ರೂ ಮೂಢನಂಬಿಕೆ ಬಿಡಲ್ವಲ್ಲ ಜನ!” ಅಂದರು.

ನಾನು ಅವರ ಕೈ ನೋಡಿದೆ. ಗಡಿಯಾರದ ಸ್ಟೀಲು ಪಟ್ಟಿಯ ಸಂದಿಯಲ್ಲಿ ಒಂದು ಹಳದಿ ಅಕ್ಕಿ ಕಾಳು ಸಿಕ್ಕಿಕೊಂಡಿತ್ತು.

“ನಮ್ ಕಡೆಯೋರು ಯಾರೋ ಇರ್ಬೇಕು,” ಅಂದೆ. “ಓದಿಲ್ದೋರು.”

ಟೀಚರಮ್ಮ ಎಲೆಗೆ ಕೈ ಹಾಕಿದರು. ಕೋಸಂಬರಿ ತಿಂದರು. ಪಲ್ಯ ತಿಂದರು. ಅನ್ನ ಬರುವ ಹೊತ್ತಿಗೆ, ಎಲೆ ನೋಡಿಕೊಂಡೇ, “ಬಗ್ಗಿದ್ಲಲ್ಲ, ಮೂರ್ ಸಲ,” ಅಂದರು. “ಗೌನು ಚೆನ್ನಾಗಿದೆ.” ಆಮೇಲೆ ಬ್ಯಾಗಿನಿಂದ ಬಿಳಿ ಸೀರೆ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. “ಅವ್ಳಿಗೆ ಬೇಕಾಗ್ಲಿಲ್ಲ. ನೀವು ಉಟ್ಕೊಳ್ಳಿ.”

ಸವರಿ ನೋಡಿದೆ. ಒಳ್ಳೆಯ ಸೀರೆ, ಹುಳ ಸತ್ತು ಮಾಡಿದ್ದು.

“ಬರೀ ಸೀರೆ ಕೊಡ್ತಾರಾ ಟೀಚರಮ್ಮ?” ಅಂದೆ. “ಜೊತೆಗೆ ಅಕ್ಕಿ ಇಡ್ಬೇಕಲ್ವಾ?”

ಟೀಚರಮ್ಮ ನನ್ನನ್ನು ನೋಡಿದರು. ನಾನು ನೋಡುತ್ತಿದ್ದ ಜಾಗ ನೋಡಿದರು. ಗಡಿಯಾರದ ಪಟ್ಟಿಯನ್ನು ಕಣ್ಣಿನ ಹತ್ತಿರ ತಂದು, ಉಗುರಿನಲ್ಲಿ ಆ ಒಂದು ಕಾಳನ್ನು ಬಿಡಿಸಿ, ಸೀರೆಯ ಮೇಲೆ ಇಟ್ಟರು.

“ಆಯ್ತಾ?”

“ಆಯ್ತು,” ಅಂದೆ.